ಮಿಥ್ಯಾಯಂತ್ರದ ನಾಡಿ ಹಿಡಿಯುವುದು ಹೇಗೆ?



ನಮ್ಮ ಕನ್ನಡ ಹೊತ್ತಿಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಹಾಡಿನ ಕೋರಿಕೆಗಳು. ಉಳಿದದ್ದರಲ್ಲಿ ಅರ್ಧ, "ನಿನ್ನೆ ನನ್ನ ಹೆಸರು ಯಾಕೆ ಓದಲಿಲ್ಲ" ಎಂಬ ಜಗಳ. ಈ ಸಲ ಪಲ್ಲಾವರಂನಿಂದ ಬಂದಿರುವ ಪತ್ರದಲ್ಲಿ ಹಾಡೂ ಇಲ್ಲ, ಜಗಳವೂ ಇಲ್ಲ. ಬರೆದವರು ಜಿಎಸ್‌ಟಿ ರಸ್ತೆಯ ಪಕ್ಕದ ಒಂದು ಸಣ್ಣ ಕಂಪನಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಾರೆ. ಅವರಲ್ಲಿ 2 ಸರ್ವರ್‌ಗಳಿವೆ, ಅವುಗಳ ಮೇಲೆ 14 ವರ್ಚುವಲ್ ಮಷೀನ್‌ಗಳು ಓಡುತ್ತವೆ. ದಿನಾ ಬೆಳಿಗ್ಗೆ 11ರ ಹೊತ್ತಿಗೆ ಬಿಲ್ಲಿಂಗ್ ತೆರೆ ಕಲ್ಲಿನಂತೆ ನಿಂತುಬಿಡುತ್ತದೆ. ಸಂಜೆ ಮೇಲಧಿಕಾರಿ ಗ್ರಾಫ್ ತೆರೆದು ನೋಡಿದರೆ ಸಿಪಿಯು ಬಳಕೆ ಬರೀ 20 ಶೇಕಡಾ. "ಯಂತ್ರ ಸರಿಯಾಗಿಯೇ ಇದೆ, ಕೆಲಸ ಮಾಡುವವರೇ ನಿಧಾನ" ಎಂದು ತೀರ್ಪು. ಬಿಲ್ಲಿಂಗ್ ಹುಡುಗಿಯರಿಗೆ ಬೈಗುಳ. "ಯಾವ ಮಾನಿಟರಿಂಗ್ ಸಾಫ್ಟ್‌ವೇರ್ ತಂದರೆ ಸತ್ಯ ತಿಳಿಯುತ್ತದೆ, ಹೇಳಿ" ಎಂದು ಕೇಳಿದ್ದಾರೆ.

ಓದಿದ್ದು ಕನ್ನಡ ಬಿ.ಎ. ಆದರೂ ಮೈಕಿನ ಮುಂದೆ ಕುಳಿತವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಮೀಟರಿನ ಮುಳ್ಳು ಏನು ಹೇಳುತ್ತಿದೆ ಎನ್ನುವುದಕ್ಕಿಂತ ಮುಳ್ಳನ್ನು ಎಲ್ಲಿ ಸಿಕ್ಕಿಸಿದ್ದಾರೆ ಎನ್ನುವುದು ಮುಖ್ಯ. ಈ ಪತ್ರದ ಗುಟ್ಟೂ ಅಲ್ಲಿಯೇ ಇದೆ. ಬನ್ನಿ, ಒಂದೊಂದಾಗಿ ನೋಡೋಣ.

ಮೊದಲು, ಏನಿದು ವರ್ಚುವಲ್ ಮಷೀನ್?

ಕನ್ನಡದಲ್ಲಿ ಮಿಥ್ಯಾಯಂತ್ರ ಎನ್ನಬಹುದು. ಆದರೆ ಅದು ಮಾಡುವ ಕೆಲಸ ಮಿಥ್ಯೆಯಲ್ಲ. ಒಂದು ದೊಡ್ಡ ಕಂಪ್ಯೂಟರನ್ನು ಸಾಫ್ಟ್‌ವೇರ್ ಮೂಲಕ ಹಲವು ಪುಟ್ಟ ಕಂಪ್ಯೂಟರ್‌ಗಳಾಗಿ ಹಂಚುವುದೇ ಇದರ ಹೂರಣ. ಇದು ನಿನ್ನೆ ಮೊನ್ನೆಯದಲ್ಲ. ಐಬಿಎಂ ಕಂಪನಿ 1972ರಲ್ಲೇ ವಿಎಂ/370 ಎಂಬ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತ್ತು. 1998ರಲ್ಲಿ ಹುಟ್ಟಿದ ವಿಎಂವೇರ್ ಇದನ್ನು ಸಾಮಾನ್ಯ ಕಂಪ್ಯೂಟರಿಗೂ ಇಳಿಸಿತು. ಆಮೇಲೆ 2003ರಲ್ಲಿ ಝೆನ್, 2007ರಲ್ಲಿ ಲಿನಕ್ಸಿನ ಒಳಗೇ ಕೆವಿಎಂ, 2008ರಲ್ಲಿ ಮೈಕ್ರೋಸಾಫ್ಟಿನ ಹೈಪರ್-ವಿ ಬಂದವು. ಹೀಗೆ ಹಂಚಿಕೊಡುವ ಯಜಮಾನ ಸಾಫ್ಟ್‌ವೇರಿಗೆ ಹೈಪರ್‌ವೈಸರ್ ಎಂದು ಹೆಸರು. ಕೆಳಗಿರುವ ನಿಜ ಯಂತ್ರ ಹೋಸ್ಟ್, ಮೇಲೆ ಕುಳಿತವರು ಅತಿಥಿಗಳು.

ಚೆನ್ನೈನಲ್ಲಿ ಬಾಡಿಗೆ ಫ್ಲಾಟಿನಲ್ಲಿರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಟ್ಟಡಕ್ಕೆಲ್ಲ ಒಂದೇ ಸಂಪು, ಒಂದೇ ಓವರ್‌ಹೆಡ್ ಟ್ಯಾಂಕು. ಪ್ರತಿ ಮನೆಗೂ ತನ್ನದೇ ನಲ್ಲಿ. ಎಲ್ಲರೂ ಒಟ್ಟಿಗೆ ತಿರುಗಿಸುವುದಿಲ್ಲ ಎಂಬ ಧೈರ್ಯದ ಮೇಲೆ ಮಾಲೀಕರು ಟ್ಯಾಂಕಿನ ಶಕ್ತಿಗಿಂತ ಹೆಚ್ಚು ನಲ್ಲಿ ಹಾಕಿಸಿರುತ್ತಾರೆ. ವರ್ಚುವಲ್ ಮಷೀನ್ ಲೋಕದಲ್ಲೂ ಅಷ್ಟೇ. 8 ಕೋರ್ ಇರುವ ಹೋಸ್ಟಿನ ಮೇಲೆ ಅತಿಥಿಗಳಿಗೆ ಒಟ್ಟು 30 ವರ್ಚುವಲ್ ಸಿಪಿಯು ಕೊಟ್ಟಿರುವುದು ಅಪರೂಪವೇನಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಲ್ಲಿ ಯಾರೂ ಪಾಲಿಸುವುದಿಲ್ಲ. ಪಾಲಿಸಿದರೆ ಹಣ ಉಳಿಯುವುದೂ ಇಲ್ಲ.

ನಲ್ಲಿಯನ್ನಷ್ಟೇ ನೋಡಿದರೆ ಸಾಲದು

ನಿಮ್ಮ ಮನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ. ನಿಮ್ಮ ಮನೆಯೊಳಗಿನ ಮೀಟರ್ ನೋಡಿದರೆ "ಇವರು ಕಡಿಮೆ ನೀರು ಬಳಸುತ್ತಿದ್ದಾರೆ" ಎಂದೇ ಹೇಳುತ್ತದೆ. ಬೇಕಾಗಿದೆ, ಆದರೆ ಸಿಗುತ್ತಿಲ್ಲ ಎಂಬುದನ್ನು ಅದು ಹೇಳುವುದಿಲ್ಲ. ಪಲ್ಲಾವರಂನ ಗ್ರಾಫಿನ 20 ಶೇಕಡಾ ಕೂಡ ಇಂಥದ್ದೇ ಆಗಿರಬಹುದು. ಆದ್ದರಿಂದ ಸಾಧನ ಆರಿಸುವಾಗ ಮೊದಲ ಪ್ರಶ್ನೆ: ಇದು ಅತಿಥಿಯ ಒಳಗನ್ನೂ ಹೋಸ್ಟಿನ ಸ್ಥಿತಿಯನ್ನೂ, ಎರಡನ್ನೂ ನೋಡುತ್ತದೆಯೇ? ಒಂದನ್ನೇ ನೋಡುವ ಸಾಧನ ಎಷ್ಟೇ ಬಣ್ಣದ ಗ್ರಾಫ್ ಬಿಡಿಸಲಿ, ಅರ್ಧ ಕಥೆಯನ್ನೇ ಹೇಳುತ್ತದೆ.

ನೋಡಬೇಕಾದ ಮುಖ್ಯ ಅಳತೆಗಳು ನಾಲ್ಕು.

1. ಕಾಯುವ ಸಮಯ. ಅತಿಥಿ ಕೆಲಸಕ್ಕೆ ಸಿದ್ಧ, ಆದರೆ ಹೋಸ್ಟಿನ ಸಿಪಿಯು ಬಿಡುವಾಗಿಲ್ಲ. ವಿಎಂವೇರಿನಲ್ಲಿ ಇದನ್ನು ಸಿಪಿಯು ರೆಡಿ ಎನ್ನುತ್ತಾರೆ. ಕೆವಿಎಂ ಅಥವಾ ಝೆನ್ ಮೇಲೆ ಓಡುವ ಲಿನಕ್ಸ್ ಅತಿಥಿಯಲ್ಲಿ ಟಾಪ್ ಆದೇಶ ಕೊಟ್ಟರೆ ಎಸ್‌ಟಿ ಎಂಬ ಅಂಕಣದಲ್ಲಿ ಕಾಣುತ್ತದೆ. ಅದು ಸ್ಟೀಲ್, ಅಂದರೆ ಕದ್ದ ಸಮಯ. ವಿಎಂವೇರಿನ ಗ್ರಾಫ್ ಇದನ್ನು ಮಿಲಿಸೆಕೆಂಡಿನಲ್ಲಿ ತೋರಿಸುವುದರಿಂದ ಹಲವರಿಗೆ ಗೊಂದಲ. ಲೆಕ್ಕ ಸುಲಭ. ನೈಜ ಸಮಯದ ಗ್ರಾಫಿನ ಒಂದು ಚುಕ್ಕೆ ಎಂದರೆ 20 ಸೆಕೆಂಡ್, ಅಂದರೆ 20,000 ಮಿಲಿಸೆಕೆಂಡ್. ಅದರಲ್ಲಿ 1,000 ಕಾದಿದ್ದರೆ 5 ಶೇಕಡಾ. ಯಂತ್ರಕ್ಕೆ 4 ವರ್ಚುವಲ್ ಸಿಪಿಯು ಇದ್ದರೆ ಒಟ್ಟು ಮೊತ್ತವನ್ನು 4ರಿಂದ ಭಾಗಿಸಿ. ಒಂದೊಂದು ವರ್ಚುವಲ್ ಸಿಪಿಯುಗೆ 5 ಶೇಕಡಾ ದಾಟಿದರೆ ಕಣ್ಣಿಡಿ, 10 ದಾಟಿದರೆ ಕೈಹಾಕಿ ಎನ್ನುವುದು ಅನುಭವಸ್ಥರ ವಾಡಿಕೆ.

2. ರ್‍ಯಾಮ್ ವಾಪಸಾತಿ. ಟ್ಯಾಂಕು ಬರಿದಾದಾಗ ಮಾಲೀಕರು ಮನೆ ಮನೆಗೆ ಬಂದು "ನೀವು ತುಂಬಿಟ್ಟ ಬಕೆಟಿನಲ್ಲಿ ಒಂದನ್ನು ಕೊಡಿ" ಎಂದು ಕೇಳಿದರೆ ಹೇಗಿರುತ್ತದೆ? ವಿಎಂವೇರಿನಲ್ಲಿ ಇದಕ್ಕೆ ಬಲೂನಿಂಗ್ ಎಂದು ಹೆಸರು. ಒಂದಿಷ್ಟು ಬಲೂನಿಂಗ್ ಆದರೆ ಪ್ರಳಯವೇನಲ್ಲ. ಆದರೆ ಹೋಸ್ಟ್ ಅತಿಥಿಯ ರ್‍ಯಾಮನ್ನು ಡಿಸ್ಕಿಗೆ ಎತ್ತಿಡಲು ಶುರುಮಾಡಿದರೆ, ಅಂದರೆ ಸ್ವಾಪ್ ಆದರೆ, ತೆರೆ ನಿಲ್ಲುವುದು ಖಂಡಿತ.

3. ಡಿಸ್ಕಿನ ವಿಳಂಬ. ಒಂದು ಓದು ಅಥವಾ ಬರಹಕ್ಕೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂಬ ಲೆಕ್ಕ. ಬಹಳ ಹೊತ್ತು 20 ಮಿಲಿಸೆಕೆಂಡ್‌ಗಿಂತ ಮೇಲೆ ನಿಂತಿದ್ದರೆ ಸಾಮಾನ್ಯವಾಗಿ ಬಳಕೆದಾರರ ಗೊಣಗಾಟ ಕೇಳಿಸತೊಡಗುತ್ತದೆ. ಎಷ್ಟು ಡಿಸ್ಕ್ ತುಂಬಿದೆ ಎನ್ನುವುದನ್ನು ಎಲ್ಲ ಸಾಧನಗಳೂ ತೋರಿಸುತ್ತವೆ. ಎಷ್ಟು ಕಾಯಿಸುತ್ತಿದೆ ಎನ್ನುವುದನ್ನು ತೋರಿಸುವ ಸಾಧನ ನಿಮಗೆ ಬೇಕು.

4. ನೆಟ್‌ವರ್ಕಿನಲ್ಲಿ ಬಿದ್ದುಹೋದ ಪ್ಯಾಕೆಟ್‌ಗಳು. ಎಷ್ಟು ಹೋಯಿತು ಎನ್ನುವುದಕ್ಕಿಂತ ಎಷ್ಟು ತಲುಪಲಿಲ್ಲ ಎನ್ನುವುದು ಮುಖ್ಯ.

ಹೈಪರ್-ವಿ ಬಳಸುವವರಿಗೆ ಒಂದು ಕಿವಿಮಾತು. ಹೋಸ್ಟಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು "ಸಿಪಿಯು ತಣ್ಣಗಿದೆ" ಎಂದು ನಿಟ್ಟುಸಿರು ಬಿಡಬೇಡಿ. ಅಲ್ಲಿ ಅತಿಥಿಗಳ ಹೊರೆ ಲೆಕ್ಕಕ್ಕೆ ಬರುವುದಿಲ್ಲ. ಪರ್ಫಾರ್ಮೆನ್ಸ್ ಮಾನಿಟರಿನಲ್ಲಿ ಹೈಪರ್-ವಿ ಹೈಪರ್‌ವೈಸರ್ ಹೆಸರಿನ ಕೌಂಟರ್‌ಗಳನ್ನೇ ನೋಡಬೇಕು.

ನೈಜ ಸಮಯ ಎಂದರೆ ಎಷ್ಟು ಸೆಕೆಂಡ್?

ಇನ್ನು ಎರಡನೆಯ ಪ್ರಶ್ನೆ. ಮಾರಾಟಗಾರರೆಲ್ಲ "ರಿಯಲ್ ಟೈಮ್" ಎನ್ನುತ್ತಾರೆ. ಆದರೆ ಒಬ್ಬೊಬ್ಬರ ಗಡಿಯಾರ ಒಂದೊಂದು ತರಹ.

2015ರ ಡಿಸೆಂಬರ್ ಮಳೆಯನ್ನು ನೆನಪಿಸಿಕೊಳ್ಳಿ. ಡಿಸೆಂಬರ್ 2ರ ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆಗಳಲ್ಲಿ ನುಂಗಂಬಾಕ್ಕಂನಲ್ಲಿ 29 ಸೆಂಟಿಮೀಟರ್ ಮಳೆ ದಾಖಲಾದರೆ ತಾಂಬರಂನಲ್ಲಿ 49 ಸೆಂಟಿಮೀಟರ್. ಎರಡೂ ಒಂದೇ ಲೋಕಲ್ ಟ್ರೈನ್ ದಾರಿಯ ಊರುಗಳು, ನಡುವೆ ನಮ್ಮ ಪಲ್ಲಾವರಂ. ನುಂಗಂಬಾಕ್ಕಂ ಲೆಕ್ಕವೊಂದನ್ನೇ ಹಿಡಿದುಕೊಂಡು "ಚೆನ್ನೈಯ ಮಳೆ ಇಷ್ಟು" ಎಂದರೆ ತಾಂಬರಂ ಕಡೆಯವರು ಏನನ್ನುತ್ತಾರೆ? ಇದು ಎಲ್ಲಿ ಅಳೆಯುತ್ತೇವೆ ಎನ್ನುವ ಮಾತಾಯಿತು. ಯಾವಾಗ ಅಳೆಯುತ್ತೇವೆ ಎನ್ನುವುದೂ ಅಷ್ಟೇ ದೊಡ್ಡದು. ದಿನಕ್ಕೊಮ್ಮೆ ಓದುವ ಮಳೆಮಾಪಕ ಒಟ್ಟು ಎಷ್ಟು ಸುರಿಯಿತು ಎಂದು ಮರುದಿನ ಹೇಳುತ್ತದೆ. ಕೆರೆಯ ತೂಬು ಎಷ್ಟು ಎತ್ತಬೇಕು ಎಂದು ರಾತ್ರಿ ನಿಂತು ನಿರ್ಧರಿಸುವವನಿಗೆ ಗಂಟೆ ಗಂಟೆಯ ಲೆಕ್ಕ ಬೇಕು.

ಈಗ ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. 5 ನಿಮಿಷ ಎಂದರೆ 300 ಸೆಕೆಂಡ್. ಅದರಲ್ಲಿ 30 ಸೆಕೆಂಡ್ ಸಿಪಿಯು 100 ಶೇಕಡಾ ಉರಿಯಿತು, ಉಳಿದ 270 ಸೆಕೆಂಡ್ 10 ಶೇಕಡಾದಲ್ಲಿ ಆರಾಮವಾಗಿತ್ತು ಎನ್ನಿ. ಸರಾಸರಿ ಎಷ್ಟು? 3,000 ಕೂಡಿಸು 2,700, ಭಾಗಿಸು 300. ಬರೀ 19 ಶೇಕಡಾ! ಬಿಲ್ಲಿಂಗ್ ತೆರೆಯ ಮುಂದೆ ಅರ್ಧ ನಿಮಿಷ ಗ್ರಾಹಕನ ಮುಖ ನೋಡಿಕೊಂಡು ಕುಳಿತವಳಿಗೆ ಆ ಅರ್ಧ ನಿಮಿಷ ನಿಜ. ಸಂಜೆಯ ಗ್ರಾಫಿನಲ್ಲಿ ಅದು ಕರಗಿಹೋಗಿದೆ.

ಇಲ್ಲಿ ಇನ್ನೊಂದು ಒಳಗುಟ್ಟಿದೆ. ವಿಎಂವೇರಿನ ವಿಸೆಂಟರ್ 20 ಸೆಕೆಂಡಿನ ಸೂಕ್ಷ್ಮ ಅಂಕಿಗಳನ್ನು ಸುಮಾರು 1 ಗಂಟೆ ಮಾತ್ರ ಇಟ್ಟುಕೊಳ್ಳುತ್ತದೆ. ಆಮೇಲೆ 1 ದಿನದವರೆಗೆ 5 ನಿಮಿಷದ ಲೆಕ್ಕ, 1 ವಾರಕ್ಕೆ 30 ನಿಮಿಷದ್ದು, 1 ತಿಂಗಳಿಗೆ 2 ಗಂಟೆಯದು, 1 ವರ್ಷಕ್ಕೆ ದಿನದ್ದು. 11 ಗಂಟೆಯ ತೊಂದರೆಯನ್ನು ಸಂಜೆ 5ಕ್ಕೆ ನೋಡಲು ಕುಳಿತರೆ ಸಾಕ್ಷಿಯೇ ಅಳಿಸಿಹೋಗಿರುತ್ತದೆ. ಗ್ರಾಫ್ ಸುಳ್ಳು ಹೇಳುತ್ತಿಲ್ಲ, ಮರೆತಿದೆ ಅಷ್ಟೇ. ಆದ್ದರಿಂದ ಸಾಧನ ಕೊಳ್ಳುವಾಗ ಎರಡು ಕೇಳಿ: ಎಷ್ಟು ಸೆಕೆಂಡಿಗೊಮ್ಮೆ ಅಳೆಯುತ್ತೀರಿ? ಆ ಸೂಕ್ಷ್ಮ ಅಂಕಿಗಳನ್ನು ಎಷ್ಟು ದಿನ ಇಡುತ್ತೀರಿ?

ಕ್ಲೌಡ್ ಬಳಸುವವರೂ ಕೇಳಿಸಿಕೊಳ್ಳಿ. ಅಮೆಜಾನಿನ ಕ್ಲೌಡ್‌ವಾಚ್ ಮೂಲ ಸೇವೆಯಲ್ಲಿ 5 ನಿಮಿಷಕ್ಕೊಮ್ಮೆ ಅಳೆಯುತ್ತದೆ, ಹೆಚ್ಚಿನ ಹಣ ಕೊಟ್ಟರೆ 1 ನಿಮಿಷಕ್ಕೊಮ್ಮೆ. ಯಂತ್ರದೊಳಗಿನ ರ್‍ಯಾಮ್ ಬಳಕೆ ತಾನಾಗಿ ಬರುವುದೇ ಇಲ್ಲ, ಅದಕ್ಕೆ ಒಳಗೊಂದು ಏಜೆಂಟ್ ಕೂರಿಸಬೇಕು. ಮೈಕ್ರೋಸಾಫ್ಟ್ 2015ರಲ್ಲಿ ಭಾರತದಲ್ಲಿ ತೆರೆದ ಮೂರು ಅಜ್ಯೂರ್ ಕೇಂದ್ರಗಳಲ್ಲಿ ಒಂದು ಚೆನ್ನೈನದು. ಅಲ್ಲಿ ವರ್ಚುವಲ್ ಮಷೀನಿನ ಮೂಲ ಅಳತೆಗಳು 1 ನಿಮಿಷಕ್ಕೊಮ್ಮೆ ಸಿಗುತ್ತವೆ. ಯಂತ್ರ ನಿಮ್ಮ ಊರಿನಲ್ಲೇ ಇದ್ದರೂ ಹೋಸ್ಟಿನ ಬಾಗಿಲು ನಿಮಗೆ ತೆರೆಯುವುದಿಲ್ಲ ಎನ್ನುವುದು ಕ್ಲೌಡಿನ ನಿಯಮ. ಅತಿಥಿಯೊಳಗಿನ ಅಳತೆಯೇ ನಿಮಗೆ ಆಧಾರ.

ಹಾಗಾದರೆ ಸೆಕೆಂಡಿಗೊಮ್ಮೆ ಅಳೆದುಬಿಡೋಣವೇ?

ಆತುರ ಬೇಡ. ಅಳತೆಗೂ ಖರ್ಚಿದೆ. 50 ವರ್ಚುವಲ್ ಮಷೀನ್, ಒಂದೊಂದರಿಂದ 100 ಅಂಕಿ, ಪ್ರತಿ ಸೆಕೆಂಡಿಗೆ ಎಂದರೆ ದಿನಕ್ಕೆ 43 ಕೋಟಿ 20 ಲಕ್ಷ ಅಂಕಿಗಳು. 15 ಸೆಕೆಂಡಿಗೊಮ್ಮೆ ಎಂದರೆ 2 ಕೋಟಿ 88 ಲಕ್ಷ. ಪ್ರೊಮೀಥಿಯಸ್‌ನಂಥ ಸಾಧನ ಒಂದು ಅಂಕಿಯನ್ನು ಸರಾಸರಿ 1ರಿಂದ 2 ಬೈಟಿನಲ್ಲಿ ಅಡಗಿಸುತ್ತದೆ. 2 ಬೈಟ್ ಎಂದೇ ಹಿಡಿದರೂ ಮೊದಲನೆಯದಕ್ಕೆ ದಿನಕ್ಕೆ ಸುಮಾರು 864 ಮೆಗಾಬೈಟ್, ಎರಡನೆಯದಕ್ಕೆ ಸುಮಾರು 58 ಮೆಗಾಬೈಟ್. ಸಣ್ಣ ಕಚೇರಿಗೆ 10ರಿಂದ 20 ಸೆಕೆಂಡಿನ ಅಳತೆ, 2 ವಾರದ ಸೂಕ್ಷ್ಮ ನೆನಪು, ಆಮೇಲೆ ಸರಾಸರಿ ಎಂದಿಟ್ಟುಕೊಂಡರೆ ಬೇಕಾದಷ್ಟಾಯಿತು. ತೊಂದರೆ ಕೊಡುತ್ತಿರುವ ಒಂದೆರಡು ಯಂತ್ರಗಳಿಗೆ ಮಾತ್ರ ಕೆಲವು ದಿನ ಸೆಕೆಂಡಿನ ಅಳತೆ ಹಾಕಿ ನೋಡಬಹುದು.

ಅಂಗಡಿಯಲ್ಲಿ ಏನೇನಿದೆ?

ಪಲ್ಲಾವರಂನ ಶುಕ್ರವಾರದ ಸಂತೆಗೆ ಹೋದವರಿಗೆ ಗೊತ್ತು. ಅಲ್ಲಿ ಗಿಡದಿಂದ ಹಿಡಿದು ಹಳೇ ಕಂಪ್ಯೂಟರಿನವರೆಗೆ ಸಿಗದ ವಸ್ತುವಿಲ್ಲ. ಪಟ್ಟಿಯಿಲ್ಲದೆ ಹೋದವರು ಬೇಡದ್ದನ್ನು ಹೊತ್ತು ತರುತ್ತಾರೆ. ಮಾನಿಟರಿಂಗ್ ಸಾಧನಗಳ ಸಂತೆಯೂ ಹೀಗೆಯೇ. ಮೂರು ಸಾಲುಗಳಾಗಿ ನೋಡೋಣ.

ಮೊದಲ ಸಾಲು, ಮನೆಯಲ್ಲೇ ಇರುವುದು. ವಿಎಂವೇರಿನ ಇಎಸ್‌ಎಕ್ಸ್‌ಟಾಪ್ 5 ಸೆಕೆಂಡಿಗೊಮ್ಮೆ ತಾಜಾ ಅಂಕಿ ಕೊಡುತ್ತದೆ, ಬೇಕಾದರೆ 2 ಸೆಕೆಂಡಿಗೆ ಇಳಿಸಬಹುದು. ಕೆವಿಎಂಗೆ ವರ್ಟ್‌ಟಾಪ್, ಹೈಪರ್-ವಿಗೆ ಪರ್ಫಾರ್ಮೆನ್ಸ್ ಮಾನಿಟರ್. ಇವಕ್ಕೆ ಹೆಚ್ಚಿಗೆ ಒಂದು ಪೈಸೆಯೂ ಇಲ್ಲ. ಕೊರತೆ ಒಂದೇ, ಯಾರಾದರೂ ಎದುರು ಕುಳಿತು ನೋಡುತ್ತಿರಬೇಕು. ರಾತ್ರಿ 2 ಗಂಟೆಗೆ ಇವು ನಿಮ್ಮನ್ನು ಎಬ್ಬಿಸುವುದಿಲ್ಲ.

ಎರಡನೆಯ ಸಾಲು, ಮುಕ್ತ ತಂತ್ರಾಂಶ. 2001ರಿಂದ ಇರುವ ಜಬ್ಬಿಕ್ಸ್‌ನಲ್ಲಿ ಅಳತೆ, ಗ್ರಾಫ್, ಎಚ್ಚರಿಕೆ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿವೆ. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯೊಳಗೆ ಹುಟ್ಟಿದ ಪ್ರೊಮೀಥಿಯಸ್‌ಗೆ ಗ್ರಾಫಾನಾ ಜೋಡಿಸಿಕೊಂಡರೆ ಬಹಳ ಸೊಗಸಾದ ತೆರೆಗಳು ಸಿಗುತ್ತವೆ, ಆದರೆ ಬಿಡಿಭಾಗಗಳನ್ನು ನೀವೇ ಜೋಡಿಸಬೇಕು. ನೆಟ್‌ಡೇಟಾ ಸೆಕೆಂಡಿಗೊಮ್ಮೆ ಅಳೆಯುವುದಕ್ಕೆ ಹೆಸರಾದದ್ದು. ಲೈಸೆನ್ಸಿನ ಹಣ ಉಳಿಯುತ್ತದೆ, ಆದರೆ ಕಲಿಯುವವರ ಸಮಯ ಖರ್ಚಾಗುತ್ತದೆ. ಪುಕ್ಕಟೆ ಸಿಕ್ಕಿತು ಎಂದು ಹಸು ತಂದರೆ ಹುಲ್ಲು ಹಾಕುವವರು ಬೇಡವೇ?

ಮೂರನೆಯ ಸಾಲು, ಹಣ ಕೊಟ್ಟು ಕೊಳ್ಳುವುದು. ಇಲ್ಲಿ ನಮ್ಮ ಊರಿನ ಒಂದು ಕಥೆ ಬರುತ್ತದೆ. 1996ರಲ್ಲಿ ಅಡ್ವೆಂಟ್‌ನೆಟ್ ಎಂಬ ಕಂಪನಿ ಶುರುವಾದದ್ದು ನೆಟ್‌ವರ್ಕ್ ನಿರ್ವಹಣೆಯ ಸಾಫ್ಟ್‌ವೇರ್ ಬರೆಯಲಿಕ್ಕೆ. 2002ರಲ್ಲಿ ಅದರ ಮ್ಯಾನೇಜ್‌ಎಂಜಿನ್ ವಿಭಾಗ ಬಂತು. 2009ರಲ್ಲಿ ಕಂಪನಿ ಜೋಹೋ ಎಂದು ಹೆಸರು ಬದಲಿಸಿಕೊಂಡಿತು. ಪಲ್ಲಾವರಂನಿಂದ ಅದೇ ಜಿಎಸ್‌ಟಿ ರಸ್ತೆಯಲ್ಲಿ ದಕ್ಷಿಣಕ್ಕೆ, ತಾಂಬರಂ ದಾಟಿ ಗುಡುವಾಂಜೇರಿ ಕಡೆ ಹೋದರೆ ಅದರ ಕ್ಯಾಂಪಸ್ಸು. ಅವರ ಆಪ್‌ಮ್ಯಾನೇಜರ್ ವಿಎಂವೇರ್, ಹೈಪರ್-ವಿ ಹೋಸ್ಟ್‌ಗಳನ್ನೂ ಅತಿಥಿಗಳನ್ನೂ ಒಟ್ಟಿಗೆ ನೋಡುತ್ತದೆ. ಊರಿನದು ಎಂಬ ಅಭಿಮಾನ ಇರಲಿ, ಆದರೆ ಅದಕ್ಕೂ ಇದೇ ಪ್ರಶ್ನೆಗಳನ್ನು ಕೇಳಿ. ಇಂಥ ಸಾಧನಗಳಲ್ಲಿ ಶುಲ್ಕವನ್ನು ಕೆಲವರು ಯಂತ್ರದ ಲೆಕ್ಕದಲ್ಲಿ, ಕೆಲವರು ಹೋಸ್ಟಿನ ಲೆಕ್ಕದಲ್ಲಿ, ಇನ್ನು ಕೆಲವರು ಅಂಕಿಗಳ ಲೆಕ್ಕದಲ್ಲಿ ಹಾಕುತ್ತಾರೆ. 14 ಯಂತ್ರ ನಾಳೆ 40 ಆದರೆ ಬಿಲ್ ಎಷ್ಟು ಎಂದು ಇಂದೇ ಬರೆಸಿಕೊಳ್ಳಿ.

ಇನ್ನೊಂದು ಮಾತು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡಿತು. ಮರುತಿಂಗಳೇ ಒಮ್ಮೆ ಕೊಂಡು ಶಾಶ್ವತವಾಗಿ ಬಳಸುವ ಲೈಸೆನ್ಸುಗಳ ಮಾರಾಟ ನಿಂತಿತು. ಆಮೇಲೆ ಹಲವರು ಪ್ರಾಕ್ಸ್‌ಮಾಕ್ಸ್, ಹೈಪರ್-ವಿ ಎಂದು ಬೇರೆ ದಾರಿ ನೋಡಿದರು. ಆದ್ದರಿಂದ ಒಂದೇ ಹೈಪರ್‌ವೈಸರಿಗೆ ಅಂಟಿಕೊಂಡ ಸಾಧನಕ್ಕಿಂತ ನಾಲ್ಕನ್ನು ಬಲ್ಲ ಸಾಧನ ಜಾಣತನ. ಮನೆ ಬದಲಿಸಿದಾಗ ಮೀಟರನ್ನೂ ಎಸೆಯುವ ಹಾಗಾಗಬಾರದು.

ಕಾವಲುಗಾರನನ್ನು ಎಲ್ಲಿ ನಿಲ್ಲಿಸುತ್ತೀರಿ?

ಬಹಳ ಜನ ಮರೆಯುವ ವಿಷಯ ಇದು. ಮಾನಿಟರಿಂಗ್ ಸಾಧನವನ್ನೂ ಅದೇ ಹೋಸ್ಟಿನ ಮೇಲೆ ಇನ್ನೊಂದು ವರ್ಚುವಲ್ ಮಷೀನಾಗಿ ಕೂರಿಸುತ್ತಾರೆ. ಹೋಸ್ಟ್ ಬಿದ್ದ ದಿನ ಕಾವಲುಗಾರನೂ ಬೀಳುತ್ತಾನೆ, ಕೂಗುವವರೇ ಇಲ್ಲ. ಎಚ್ಚರಿಕೆಯ ಇ-ಮೇಲ್ ಕಳಿಸುವ ಮೇಲ್ ಸರ್ವರ್ ಕೂಡ ಅಲ್ಲೇ ಇದ್ದರಂತೂ ಕೇಳುವುದೇ ಬೇಡ. ಪ್ರತ್ಯೇಕ ಹಳೇ ಕಂಪ್ಯೂಟರ್ ಒಂದಿದ್ದರೂ ಸಾಕು, ಕಾವಲನ್ನು ಹೊರಗೆ ಇಡಿ. ಎಚ್ಚರಿಕೆ ಎಸ್‌ಎಂಎಸ್ ಮೂಲಕವೂ ಬರಲಿ.

ಎಚ್ಚರಿಕೆಯ ಲೆಕ್ಕವನ್ನೂ ಹಾಕಿ ನೋಡಿ. 5 ನಿಮಿಷಕ್ಕೊಮ್ಮೆ ಪರೀಕ್ಷೆ, 3 ಸಲ ಸತತವಾಗಿ ಕೆಟ್ಟರೆ ಮಾತ್ರ ಸುದ್ದಿ ಎಂದಿಟ್ಟರೆ ನಿಮಗೆ ತಿಳಿಯುವ ಹೊತ್ತಿಗೆ 10ರಿಂದ 15 ನಿಮಿಷ ಕಳೆದಿರುತ್ತದೆ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಹಾಗೆಂದು ಒಂದು ಸೆಕೆಂಡ್ 90 ಶೇಕಡಾ ದಾಟಿದರೂ ಫೋನ್ ಬಡಿದುಕೊಳ್ಳುವಂತೆ ಇಟ್ಟರೆ, ವಾರದೊಳಗೆ "ತೋಳ ಬಂತು ತೋಳ" ಕಥೆಯಾಗುತ್ತದೆ. ರಾತ್ರಿ ಪಾಳಿಯವರು ಫೋನನ್ನು ಮೌನಕ್ಕೆ ಹಾಕಿ ಮಲಗುತ್ತಾರೆ, ನಿಜವಾದ ತೋಳ ಬಂದ ದಿನವೂ. ಅಳತೆ 15 ಸೆಕೆಂಡಿನದಿರಲಿ, ಎಚ್ಚರಿಕೆ 2 ನಿಮಿಷ ಸತತವಾಗಿ ಮೀರಿದಾಗ ಇರಲಿ. ಮತ್ತು ನಿದ್ದೆಯಿಂದ ಎದ್ದವರು ಏನಾದರೂ ಮಾಡಲು ಸಾಧ್ಯವಿರುವ ವಿಷಯಕ್ಕೆ ಮಾತ್ರ ಎಬ್ಬಿಸಿ. ಉಳಿದದ್ದು ಬೆಳಗಿನ ಪಟ್ಟಿಗೆ ಹೋಗಲಿ.

ಕೊಳ್ಳುವ ಮುಂಚೆ ಎರಡು ವಾರ

ಯಾವುದನ್ನೇ ಆರಿಸಿ, ಎರಡು ವಾರ ಪರೀಕ್ಷೆಗೆ ಇಡಿ. ಕೆಲಸಕ್ಕೆ ಬಾರದ ಒಂದು ವರ್ಚುವಲ್ ಮಷೀನ್ ಮಾಡಿ, ಕಚೇರಿ ಮುಚ್ಚಿದ ಮೇಲೆ ಅದರ ಮೇಲೆ ಬೇಕೆಂದೇ ಹೊರೆ ಹಾಕಿ. ಲಿನಕ್ಸಿನಲ್ಲಿ ಸ್ಟ್ರೆಸ್ ಎನ್‌ಜಿ ಎಂಬ ಪುಟ್ಟ ಸಾಫ್ಟ್‌ವೇರ್ ಇದಕ್ಕೆಂದೇ ಇದೆ. ಕೈಗಡಿಯಾರ ನೋಡಿಕೊಳ್ಳಿ. ಹೊರೆ ಬಿದ್ದ ಎಷ್ಟು ಸೆಕೆಂಡಿಗೆ ಗ್ರಾಫ್ ಏರಿತು, ಎಷ್ಟಕ್ಕೆ ಫೋನ್ ಬಂತು, ಪಕ್ಕದ ಅತಿಥಿಗಳ ಕಾಯುವ ಸಮಯ ಏರಿದ್ದು ಕಂಡಿತೇ, ಸಾಧನ ತಾನೇ ಎಷ್ಟು ಸಿಪಿಯು ತಿಂದಿತು ಎಂದು ಬರೆದಿಡಿ. ಜಾಹೀರಾತಿನ ಹತ್ತು ಪುಟಕ್ಕಿಂತ ಈ ನಾಲ್ಕು ಸಾಲು ಹೆಚ್ಚು ಹೇಳುತ್ತವೆ.

ಪತ್ರ ಬರೆದ ಪಲ್ಲಾವರಂ ಮಿತ್ರರಿಗೆ ನನ್ನ ಉತ್ತರ ಇಷ್ಟು. ನಾಳೆಯೇ ಏನನ್ನೂ ಕೊಳ್ಳಬೇಡಿ. ಮೊದಲು ಬೆಳಿಗ್ಗೆ 10.45ರಿಂದ 11.30ರವರೆಗೆ ಮೂರು ದಿನ ಮನೆಯಲ್ಲೇ ಇರುವ ಸಾಧನದ ಎದುರು ಕುಳಿತುಕೊಳ್ಳಿ. ಕಾಯುವ ಸಮಯ, ರ್‍ಯಾಮ್ ವಾಪಸಾತಿ, ಡಿಸ್ಕಿನ ವಿಳಂಬ, ಈ ಮೂರನ್ನು ಗಡಿಯಾರದ ಪಕ್ಕ ಬರೆದುಕೊಳ್ಳಿ. ಅದೇ ಹೊತ್ತಿಗೆ ಬಿಲ್ಲಿಂಗ್‌ನವರು ತಮ್ಮ ತೆರೆ ನಿಂತ ನಿಮಿಷವನ್ನು ಬೇರೆ ಕಾಗದದಲ್ಲಿ ಬರೆಯಲಿ. ಎರಡು ಕಾಗದ ಜೋಡಿಸಿ. ಡಿಸ್ಕಿನ ವಿಳಂಬ ಏರಿದ್ದರೆ ಆ ಹೊತ್ತಿಗೆ ಬ್ಯಾಕಪ್ಪೋ ವೈರಸ್ ತಪಾಸಣೆಯೋ 14 ಯಂತ್ರಗಳಲ್ಲೂ ಒಟ್ಟಿಗೆ ಶುರುವಾಗುತ್ತಿದೆಯೇ ನೋಡಿ. ಹಾಗಿದ್ದರೆ ಸಮಯ ಹಂಚಿದರೆ ಸಾಕು, ಖರ್ಚೇ ಇಲ್ಲ. ಕಾಯುವ ಸಮಯ ಏರಿದ್ದರೆ, ಅಗತ್ಯಕ್ಕಿಂತ ಹೆಚ್ಚು ವರ್ಚುವಲ್ ಸಿಪಿಯು ಪಡೆದ ಅತಿಥಿ ಯಾರು ಎಂದು ಹುಡುಕಿ ಕಡಿಮೆ ಮಾಡಿ. ರ್‍ಯಾಮ್ ವಾಪಸಾತಿಯಾದರೆ ಹೋಸ್ಟಿಗೆ ರ್‍ಯಾಮ್ ಹಾಕಿಸಿ, ಇಲ್ಲವೇ ಒಂದೆರಡು ಅತಿಥಿಗಳನ್ನು ಇನ್ನೊಂದು ಹೋಸ್ಟಿಗೆ ಸಾಗಿಸಿ. ಇದಾದ ಮೇಲೆ ದಿನವೂ ಕಾಯಲು ಒಂದು ಸಾಧನ ಆರಿಸಿ. ಕಲಿಯುವ ಹುಮ್ಮಸ್ಸಿನವರು ಒಬ್ಬರಿದ್ದರೆ ಜಬ್ಬಿಕ್ಸ್, ಇಲ್ಲದಿದ್ದರೆ ಹಣ ಕೊಟ್ಟು ಕೊಳ್ಳುವ ಯಾವುದಾದರೂ ಒಂದು, ಮೇಲಿನ ಪರೀಕ್ಷೆಯಲ್ಲಿ ಪಾಸಾದದ್ದು.

ಆ ಎರಡು ಕಾಗದಗಳನ್ನು ಮೇಲಧಿಕಾರಿಯ ಮೇಜಿನ ಮೇಲೆ ಇಡಲು ಮರೆಯಬೇಡಿ. ಅಂಕಿ ತೋರಿಸಿ ಜನರನ್ನು ಬೈಯುವವರಿಗೆ ಅಂಕಿಯಿಂದಲೇ ಉತ್ತರ ಹೇಳಬೇಕು. ಅಳತೆ ಸರಿಯಿಲ್ಲದ ಕಡೆ ತಪ್ಪು ಯಾವಾಗಲೂ ಕೊನೆಯ ಕುರ್ಚಿಯಲ್ಲಿ ಕುಳಿತವರ ತಲೆಗೇ ಬರುತ್ತದೆ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಪ್ರಶ್ನೆಗಳಿದ್ದರೆ ಬರೆಯಿರಿ, ಹಾಡು ಬೇಕಿದ್ದರೂ ಬರೆಯಿರಿ.